ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಿದವನು

ಬೂಷ್ಟು ಬೆಳೆಸುವುದೇ ಕಸುಬಾದವನಿಗೆ ಇಂಥವು ನಡೆಯುತ್ತಲೇ ಇರುತ್ತವೆ. ನಡೆಯುವಾಗ ನಗುವುದಕ್ಕೆ ಪುರಸೊತ್ತಿರುವುದಿಲ್ಲ, ಅಷ್ಟೆ. ಎಂಬತ್ತರ ದಶಕದ ಶುರುವಿನಲ್ಲಿ ನಾನು ವಡೋದರಾದ ಒಂದು ಔಷಧ ಕಾರ್ಖಾನೆಯಲ್ಲಿದ್ದೆ. ದೊಡ್ಡ ಟ್ಯಾಂಕಿನಲ್ಲಿ ಸಕ್ಕರೆ ನೀರು ತುಂಬಿ, ಅದರಲ್ಲಿ ಬೂಷ್ಟು ಬೆಳೆಸಿ, ಅದರಿಂದ ಪೆನಿಸಿಲಿನ್ ತೆಗೆಯುವ ವಿಭಾಗ. ಬೂಷ್ಟಿಗೆ ಭಾನುವಾರವಿಲ್ಲ, ದೀಪಾವಳಿಯಿಲ್ಲ. ಆದ್ದರಿಂದ ನನಗೂ ಇರಲಿಲ್ಲ. ಮನೆಯಲ್ಲಿ ಬ್ರೆಡ್ಡಿಗೆ ಹಸಿರು ಹಿಡಿದರೆ ಹೆಂಡತಿ ಎಸೆಯುತ್ತಿರಲಿಲ್ಲ. "ನಿಮ್ಮ ಆಫೀಸಿನವರು ಬಂದಿದ್ದಾರೆ, ಮಾತಾಡಿಸಿ" ಎಂದು ತಟ್ಟೆಯನ್ನು ನನ್ನ ಮುಂದಿಡುತ್ತಿದ್ದಳು.

ಆ ವರ್ಷ ನನಗೆ ಬೇಕಾಗಿದ್ದದ್ದು ಒಂದೇ, ರಜೆ. ಮೈಸೂರಿನಲ್ಲಿ ತಂಗಿಗೆ ಗಂಡು ನೋಡುತ್ತಿದ್ದರು. ಅಪ್ಪ ಇಲ್ಲ. ಧಾರೆ ಎರೆದುಕೊಡಬೇಕಾದವನು ನಾನೇ.

ಇಡ್ಲಿಯ ಡಾಕ್ಟರು

ಹೆಣ್ಣು ನೋಡುವ ಶಾಸ್ತ್ರ ಚಳಿಗಾಲದಲ್ಲಿ ಬಂತು. ಟ್ಯಾಂಕಿಗೆ ಏನೋ ಸೋಂಕು ತಗುಲಿ ರಜೆ ಸಿಗಲಿಲ್ಲ. ಬೇಸರ ಕಳೆಯಲು ಫತೇಗಂಜ್‌ನ ನಮ್ಮ ಉಡುಪಿ ಹೋಟೆಲಿಗೆ ಹೋದೆ. ಮಾಲೀಕರು ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಬಂದು ಕೈ ಹಿಡಿದುಕೊಂಡರು.

"ಮಾರಾಯ್ರೇ, ಈ ಚಳಿಗೆ ಹಿಟ್ಟು ಏಳುವುದೇ ಇಲ್ಲ. ಇಡ್ಲಿ ಕಲ್ಲು ಆಗಿದೆ. ಹಾಸ್ಟೆಲಿನ ಮಕ್ಕಳು ಅದನ್ನು ಮೇಜಿಗೆ ಕುಟ್ಟಿ ತೋರಿಸ್ತಾರೆ. ನಿಮ್ಮ ಫ್ಯಾಕ್ಟರಿಯ ಹುಳ ಒಂದು ಚಮಚ ತಂದುಕೊಡಿ, ಹಿಟ್ಟಿಗೆ ಹಾಕುವಾ."

ಹಿಟ್ಟು ಉಬ್ಬಿಸುವ ಜೀವಿಗಳೇ ಬೇರೆ, ನಮ್ಮ ಬೂಷ್ಟು ಹಾಕಿದರೆ ಅವನ್ನೂ ಕೊಂದುಬಿಡುತ್ತದೆ, ಹಿಟ್ಟು ಹುಳಿಯೂ ಬರುವುದಿಲ್ಲ ಎಂದು ಕೊಲ್ಲುವ ರೀತಿಯನ್ನೆಲ್ಲ ಬಿಡಿಸಿ ಹೇಳಿದೆ. ಅವರು ಬಹಳ ಗಮನವಿಟ್ಟು ಕೇಳಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಹಾಗಾದರೆ ಈಗ ಬೇಡ. ಏಪ್ರಿಲ್‌ನಲ್ಲಿ ಕೊಡಿ. ಬೇಸಿಗೆಯಲ್ಲಿ ನಮಗೆ ಹುಳಿ ಜಾಸ್ತಿಯಾಗುವುದೇ ತೊಂದರೆ."

ಬೆಲ್ಲ ಹಚ್ಚಿದ ಕಡಲೆಕಾಯಿ

ನಿಶ್ಚಿತಾರ್ಥ ಮಳೆಗಾಲದ ಆರಂಭಕ್ಕೆ ಗೊತ್ತಾಯಿತು. ರಜೆ ಮಂಜೂರು ಮಾಡಬೇಕಾದವರು ನಮ್ಮ ವಿಭಾಗದ ಸಾಹೇಬರು. ಅಪ್ಪಟ ಗುಜರಾತಿ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. "ಸೂರತ್ ಕಡೆ ಒಂದು ಹಳ್ಳಿಯ ಕೆಲಸವಿದೆ. ಅದನ್ನು ಮುಗಿಸಿಕೊಡಿ, ಆಮೇಲೆ ರಜೆ" ಎಂದರು.

ಆಗ ನಮ್ಮ ಕಾರ್ಖಾನೆ ರೈತರಿಗೂ ಒಂದು ಪೊಟ್ಟಣ ಮಾಡುತ್ತಿತ್ತು. ಕಪ್ಪು ಮಣ್ಣಿನ ಪುಡಿ, ಅದರೊಳಗೆ ಬ್ಯಾಕ್ಟೀರಿಯಾ. ಬಿತ್ತನೆಯ ಕಡಲೆಬೀಜಕ್ಕೆ ಬೆಲ್ಲದ ಪಾಕ ಸವರಿ, ಈ ಪುಡಿ ಹೊರಳಿಸಿ, ನೆರಳಲ್ಲಿ ಆರಿಸಿ ಬಿತ್ತಬೇಕು. ಅವು ಬೇರಿನಲ್ಲಿ ಗಂಟು ಕಟ್ಟಿಕೊಂಡು, ಗಾಳಿಯಲ್ಲಿರುವ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತವೆ. ನಾನು ಆ ಹಳ್ಳಿಯ ರೈತನೊಬ್ಬನ ಮನೆಯ ಜಗಲಿಯಲ್ಲಿ ತಟ್ಟೆಯ ತುಂಬ ಬೀಜ ಆರಲು ಹಾಕಿ, ಹೊರಗೆ ರೈತರಿಗೆ ಇದನ್ನೇ ವಿವರಿಸುತ್ತಿದ್ದೆ. ಜೊತೆಗೆ ಬಂದಿದ್ದ ಸಾಹೇಬರು ಜಗಲಿಯಲ್ಲಿ ಕೂತಿದ್ದರು. ಕಡಲೆಬೀಜ, ಬೆಲ್ಲ, ಮೇಲೆ ಕಪ್ಪಗೆ ಏನೋ. ಆ ಸೀಮೆಯವರಿಗೆ ಇನ್ನೇನು ತೋಚಬೇಕು? ನಾನು ಒಳಗೆ ಬರುವಷ್ಟರಲ್ಲಿ ಅರ್ಧ ತಟ್ಟೆ ಖಾಲಿ.

"ಚಿಕ್ಕಿ ಚೆನ್ನಾಗಿದೆ" ಎಂದರು. "ಎಳ್ಳು ಸರಿಯಾಗಿ ತೊಳೆದಿಲ್ಲ, ಸ್ವಲ್ಪ ಮಣ್ಣು."

ಮನೆಯ ಯಜಮಾನ ಅತಿಥಿಗೆ ಬೇಡ ಎನ್ನಲು ಸಂಕೋಚಪಟ್ಟು ಗೋಡೆ ನೋಡುತ್ತಿದ್ದ. ನಾನೂ ಅದೇ ಗೋಡೆ ನೋಡಿದೆ. ವಾಪಸು ಬರುವಾಗ ಜೀಪಿನಲ್ಲಿ ನಿಜ ಹೇಳಿಬಿಟ್ಟೆ. ಸೂರತ್ ದಾಟುವ ಹೊತ್ತಿಗೆ ಅವರ ಹೊಟ್ಟೆ ಗುಡುಗತೊಡಗಿತು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಗಾಳಿ ಹಿಡಿದು ಒಳಗೆ ಇಡುತ್ತವೆ ಅಂದಿರಲ್ಲ! ನನ್ನಲ್ಲಿ ಯಾಕೆ ಉಲ್ಟಾ ಕೆಲಸ ಮಾಡುತ್ತಿವೆ?"

ಆ ರಜೆಯೂ ಗಾಳಿಗೇ ಹೋಯಿತು.

ಹೆಪ್ಪು

ಮದುವೆ ಕಾರ್ತೀಕದಲ್ಲಿ. ಹೆಂಡತಿ ಪೆಟ್ಟಿಗೆ ಕಟ್ಟಿಯಾಗಿತ್ತು, ಮರುದಿನ ಸಂಜೆ ರೈಲು. ಅವತ್ತೇ ನಮ್ಮ ಮೂಲ ಬೂಷ್ಟು ಕೆಟ್ಟಿತು. ಮೊಸರಿಗೆ ಹೆಪ್ಪಿದ್ದ ಹಾಗೆ ನಮ್ಮ ಟ್ಯಾಂಕಿಗೆ ಅದು. ಇಲ್ಲದಿದ್ದರೆ ಸಕ್ಕರೆ ನೀರು ಸಕ್ಕರೆ ನೀರೇ. ಸಾಹೇಬರು ನನ್ನ ಪೆಟ್ಟಿಗೆಯ ಸುದ್ದಿ ಕೇಳಿ, "ನಾಳೆ ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ಹೆಪ್ಪು ಬಿದ್ದಿರಬೇಕು. ಇಲ್ಲದಿದ್ದರೆ ರೈಲು ನಿಮ್ಮನ್ನು ಬಿಟ್ಟು ಹೋಗುತ್ತದೆ" ಎಂದರು.

ಅಹಮದಾಬಾದಿನ ಒಂದು ಸಂಶೋಧನಾಲಯದಲ್ಲಿ ಧಾರವಾಡ ಕಡೆಯ ವಿಜ್ಞಾನಿಯೊಬ್ಬರಿದ್ದರು. ಅವರ ಹತ್ತಿರ ಅದೇ ಬೂಷ್ಟಿತ್ತು. ಪ್ರಯೋಗಾಲಯದ ಫ್ರಿಜ್ ಕೆಟ್ಟಿದ್ದರಿಂದ ಬೂಷ್ಟಿದ್ದ ಕೊಳವೆಗಳನ್ನು ಬೋಡಕ್‌ದೇವ್‌ನ ತಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟಿದ್ದರು. ಫೋನಿನಲ್ಲಿ "ಬರ್ರಿ, ಒಯ್ಯಿರಿ" ಎಂದರು. ಥರ್ಮಾಸ್ ಹಿಡಿದು ಓಡಿದೆ. ರೈಲು ತಡ. ಅವರ ಮನೆ ಮುಟ್ಟಿದಾಗ ದೇವರ ಮುಂದೆ ದೀಪ ಉರಿಯುತ್ತಿತ್ತು, ಫ್ರಿಜ್ಜಿನ ಮುಂದೆ ಅವರ ತಾಯಿ ನಿಂತಿದ್ದರು.

"ದೀಪಾ ಹಚ್ಚಿ ಆತು. ಇನ್ನ ಹೆಪ್ಪು ಹೊರಗ ಕೊಡಂಗಿಲ್ಲ."

"ಅಮ್ಮಾ, ಅದು ಮೊಸರಿಂದಲ್ಲ, ಔಷಧದ್ದು" ಎಂದರು ವಿಜ್ಞಾನಿ.

"ಒಂದೀಟು ಹಾಕಿದ್ರ ಪೂರಾ ಅದೇ ಆಗತದೋ ಇಲ್ಲೋ?"

"ಆಗತದ."

"ಹಂಗಾದ್ರ ಹೆಪ್ಪ ಅದು. ಮನಿ ಲಕ್ಷ್ಮಿ ಹೋಗತಾಳ."

ಎದುರು ಹೇಳುವ ಧೈರ್ಯ ಮಗನಿಗಿರಲಿಲ್ಲ. ನನಗೆ ಅಳು ಬರುವುದೊಂದು ಬಾಕಿ. "ಅಮ್ಮಾ, ತಂಗಿ ಮದುವೆ. ಧಾರೆ ಎರೆಯಲು ಅಪ್ಪ ಇಲ್ಲ, ನಾನೇ ಹೋಗಬೇಕು" ಎಂದೆ. ಆ ತಾಯಿಯ ಕಣ್ಣು ತುಂಬಿತು.

"ಮದುವಿ ಮನಿಯವರಿಗಂತೂ ಕೊಡಂಗೇ ಇಲ್ರಿ. ಶುಭಕಾರ್ಯಕ್ಕ ಹೊಂಟವರು, ನಿಮಗೂ ಒಳ್ಳೇದಲ್ಲ. ಉಂಡು ಮಲಕೋರ್ರಿ. ಮುಂಜಾನೆ ನನ್ನ ಕೈಯಾರೆ ಕೊಡತೀನಿ."

ಹಾಗೆಯೇ ಕೊಟ್ಟರು, ಥರ್ಮಾಸಿಗೆ ಕುಂಕುಮ ಹಚ್ಚಿ. ಕಾರ್ಖಾನೆ ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ಸಾಹೇಬರು ಖಾಲಿ ಟ್ಯಾಂಕಿನ ಪಕ್ಕದಲ್ಲೇ ನಿಂತಿದ್ದರು. ತಂಗಿಯ ಮುಖ ನೆನೆಯುತ್ತ, ಸುಳ್ಳು ಹೇಳುವಷ್ಟೂ ತ್ರಾಣವಿಲ್ಲದೆ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರ ಮುಖ ಕೆಂಪಾಯಿತು.

"ಅರೇ ಭಾಯ್, ದೀಪ ಹಚ್ಚಿದ ಮೇಲೆ ಯಾರಾದರೂ ಹೆಪ್ಪು ಕೇಳುತ್ತಾರೆಯೇ? ಓದಿದವರು ನೀವು! ನನ್ನ ಅಮ್ಮನಾಗಿದ್ದರೆ ಬಾಗಿಲೇ ತೆಗೆಯುತ್ತಿರಲಿಲ್ಲ!" ಥರ್ಮಾಸ್ ಕಸಿದುಕೊಂಡು ಕುಂಕುಮ ನೋಡಿದರು, ಕಣ್ಣಿಗೊತ್ತಿಕೊಂಡರು. "ಹೋಗಿ, ಧಾರೆ ಎರೆದು ಬನ್ನಿ. ಇದನ್ನು ನಾನು ನೋಡಿಕೊಳ್ಳುತ್ತೇನೆ."

ಧಾರೆ ಎರೆದೆ. ತಂಗಿಗಿಂತ ಹೆಚ್ಚು ನಾನೇ ಅತ್ತೆ. ವಾಪಸು ಬಂದವನು ಮೊದಲು ಟ್ಯಾಂಕ್ ಹೇಗಿದೆ ಎಂದು ಕೇಳಿದೆ.

"ಬಹಳ ಚೆನ್ನಾಗಿ ಬೆಳೆದಿದೆ" ಎಂದರು ಸಾಹೇಬರು. "ನಮ್ಮ ಸೂರತ್ ಘಟಕದಲ್ಲೂ ಬೂಷ್ಟು ಕೆಟ್ಟಿದೆಯಂತೆ. ನಿನ್ನೆ ಅವರ ಮ್ಯಾನೇಜರೇ ಥರ್ಮಾಸ್ ಹಿಡಿದು ಓಡಿ ಬಂದಿದ್ದರು."

"ಕೊಟ್ಟಿರಾ?"

"ಹೇಗೆ ಕೊಡುವುದು? ಸಂಜೆ ಏಳಾಗಿತ್ತು. ಊಟ ಹಾಕಿ ಮಲಗಿಸಿದೆ."