ದೊಡ್ಡ ಮೀನು, ಸಣ್ಣ ಮೀನು, ನಡುವೆ ಒಂದು ಬಲೆ

ಮೀನು ಸಾಕುವವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಹೊಂಡದ ದಂಡೆಯ ಮೇಲೆ ನಿಂತರೆ ಯಾರಾದರೂ ಬಂದೇ ಬರುತ್ತಾರೆ. ನವಲಿಯ ಸಾವ್ಕಾರರೊಬ್ಬರು ಭತ್ತದ ಗದ್ದೆಯಲ್ಲಿ ಹೊಂಡ ತೋಡಿಸಿ ನನ್ನನ್ನು ಕೆಲಸಕ್ಕಿಟ್ಟಿದ್ದರು. ಕರಾರು ಒಂದೇ: "ದೀಪಾವಳಿಗೆ ಎಲ್ಲಾ ಮೀನು ಒಂದ ಅಳತಿಗೆ ಬರಬೇಕು. ಇಲ್ಲಾಂದ್ರ ಹೊಂಡ ಮುಚ್ಚಿ ಭತ್ತ ಹಚ್ಚತೀನಿ, ನೀ ನಿಮ್ಮೂರಿಗೆ ಹೋಗು." ನಮ್ಮೂರು ತಾವರಗೇರಾ ಕಡೆಯ ಒಣಬೇಸಾಯದ ಹಳ್ಳಿ. ಅಲ್ಲಿ ಮೀನಿನವನಿಗೆ ಏನು ಕೆಲಸ?

೧. ಒಡಹುಟ್ಟಿದವರು

ಒಂದೇ ದಿನ ತಂದು ಬಿಟ್ಟ ಮರಿಗಳು. ತಿಂಗಳಲ್ಲಿ ಕೆಲವು ಬೆರಳುದ್ದ ಆದವು, ಉಳಿದವು ಹೇಗಿದ್ದವೋ ಹಾಗೇ. ನಡುವೆ ಬಲೆ ಕಟ್ಟಿ ಬೇರೆ ಮಾಡೋಣ ಎಂದೆ.

"ಒಂದ ತಾಯಿ ಮಕ್ಕಳನ್ನ ಬ್ಯಾರೆ ಮಾಡ್ತಿಯೇನು? ಪಾಪ ಬರ್ತೈತಿ," ಎಂದರು ಸಾವ್ಕಾರರು.

"ದೊಡ್ಡವು ಸಣ್ಣವುಗಳ ಪಾಲೂ ತಿಂತಾವ್ರಿ. ಅದಕ್ಕ ಸಣ್ಣವು ಹಂಗ ಉಳದಾವು."

ಸಾವ್ಕಾರರು ಎಲುಬು ಬಿಟ್ಟರೆ ಬೇರೇನೂ ಇಲ್ಲದ ಮನುಷ್ಯ. ಪಕ್ಕದ ಗದ್ದೆಯಲ್ಲಿ ನಿಂತಿದ್ದ ಅವರ ಅಣ್ಣನೋ ಬಾಗಿಲಲ್ಲಿ ಅಡ್ಡಡ್ಡ ಹೋಗಬೇಕಾದಷ್ಟು ದಪ್ಪ. ವರ್ಷದ ಹಿಂದೆ ಇಬ್ಬರಿಗೂ ಆಸ್ತಿ ಪಾಲಾಗಿ ಮನೆಯ ನಡುವೆ ಗೋಡೆ ಎದ್ದಿತ್ತು, ಮಾತು ನಿಂತಿತ್ತು. ಸಾವ್ಕಾರರು ಒಮ್ಮೆ ಆ ಕಡೆ ನೋಡಿದರು.

"ಬಲಿ ಇವತ್ತ ಕಟ್ಟು," ಎಂದರು.

೨. ಹಿರಿಯ

ಬಲೆ ಕಟ್ಟಿ, ಮರಿಗಳನ್ನು ಜರಡಿ ಹಿಡಿಯಲು ಟೊಮೆಟೊ ಕ್ರೇಟನ್ನು ನೀರಿಗಿಳಿಸಿ ಅದರಲ್ಲಿ ಸುರಿದೆ. ಸಂದಿಯಲ್ಲಿ ಜಾರಿದ್ದು ಸಣ್ಣದು, ಉಳಿದದ್ದು ದೊಡ್ಡದು. ಮೂರು ವಾರ ಬಿಟ್ಟು ನೋಡಿದರೆ, ಸಣ್ಣವುಗಳ ಕಡೆಯೇ ಒಂದು ದಪ್ಪಗಾಗಿ ಉಳಿದವನ್ನು ಮೂಲೆಗೆ ಅಟ್ಟುತ್ತಿದೆ. ಮೊನ್ನೆಯವರೆಗೆ ಅದೂ ಅವುಗಳ ಜೊತೆ ಉಪವಾಸ ಇದ್ದದ್ದೇ. ನನಗೆ ಸಿಟ್ಟು ಬಂತು. ಹಿಡಿಯಲು ಹೋದರೆ, ಮೇವು ಹಾಕುತ್ತಿದ್ದ ಸಾವ್ಕಾರರ ಹೆಂಡತಿ ತಡೆದರು.

"ಇರ್ಲಿ ಬಿಡೋ ತಮ್ಮಾ, ಮನಿ ಅಂದ ಮ್ಯಾಲ ಹಿರ್ಯಾ ಒಬ್ಬ ಬೇಕಲ್ಲ."

"ಎಲ್ಲಾರ ಮೇವೂ ಅದ ತಿನ್ನಾಕತ್ತೈತ್ರಿ ಅಮ್ಮಾರ."

"ಮತ್ತ, ಹಿರ್ಯಾ ಅಂದ್ರ?"

೩. ತೂಕ

ಆ ಹಿರಿಯನನ್ನು ಅಮ್ಮಾರು ಕಾಣದಂತೆ ಬಲೆಯಾಚೆ ದೊಡ್ಡವುಗಳ ಕಡೆ ದಾಟಿಸಿದೆ. ದೀಪಾವಳಿ ಬಂತು. ನಾನು ಬಟ್ಟೆಬರೆ ಅರ್ಧ ಕಟ್ಟಿಟ್ಟಿದ್ದೆ. ತಮ್ಮನ ಹೊಂಡ ಮುಚ್ಚುವುದನ್ನು ನೋಡಲು ಅಣ್ಣನೂ ಬದುವಿನ ಮೇಲೆ ಬಂದು ನಿಂತರು.

ಬಲೆಯ ಆ ಕಡೆಯ ಹತ್ತು ಮೀನು ಒಂದು ತಟ್ಟೆಗೆ, ಈ ಕಡೆಯ ಹತ್ತು ಇನ್ನೊಂದಕ್ಕೆ ಹಾಕಿ ತಕ್ಕಡಿ ಎತ್ತಿದೆ. ಮುಳ್ಳು ನಟ್ಟನಡುವೆ ನಿಂತಿತು. ಕಾಟ ತಪ್ಪಿದ ಸಣ್ಣವು ದೊಡ್ಡವುಗಳ ಸಮಕ್ಕೆ ಬೆಳೆದಿದ್ದವು. ನನಗೆ ಕಣ್ಣಲ್ಲಿ ನೀರೇ ಬಂತು.

"ನೀ ಇಲ್ಲೇ ಇರು," ಎಂದರು ಸಾವ್ಕಾರರು. "ಎರಡೂ ಸಮ ಆದ ಮ್ಯಾಲ ನಡಕ ಬಲಿ ಯಾಕ? ತಗದು ಒಗಿ."

ಅಣ್ಣನಿಗೆ ಏನನ್ನಿಸಿತೋ, ವರ್ಷದ ಮೇಲೆ ಮೊದಲ ಸಲ ಬಾಯಿ ಬಿಟ್ಟರು: "ತಮ್ಮಾ, ಹಂಗಾದ್ರ ಮನ್ಯಾಗಿನ ಗೋಡಿನೂ ತಗಸೂಣೇನು?"

ಸಾವ್ಕಾರರು ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ತಕ್ಕಡಿ ಇನ್ನ ಎತ್ತಿಡಬ್ಯಾಡ. ಮೊದಲ ನಮ್ಮಿಬ್ಬರನ್ನ ತೂಗು."