ಉಪ್ಪಿಟ್ಟಿಗೆ ಮುಂಚೆ ವಾರ್ತೆ

ಹಾಸ್ಟೆಲಿನಲ್ಲಿ ಶಿಸ್ತು ಬಿಗಿಯಾದಷ್ಟೂ ನಗು ಎಲ್ಲಿಂದಲೋ ನುಸುಳುತ್ತದೆ. ಅದನ್ನು ತಡೆಯುವುದು ನನ್ನಿಂದಲೂ ಆಗಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಅರಸೀಕೆರೆಯ ಹುಡುಗಿಯರ ಹಾಸ್ಟೆಲೊಂದಕ್ಕೆ ನಾನು ವಾರ್ಡನ್. ಕಾನ್ವೆಂಟಿನಲ್ಲಿ ಕಲಿತದ್ದನ್ನೇ ಅಲ್ಲೂ ಕಲಿಸಿದೆ. ಉಗುರು ಕತ್ತರಿಸಿರಬೇಕು, ಜಡೆ ಬಿಗಿಯಾಗಿರಬೇಕು, ತಿಂಡಿಗೆ ಮುಂಚೆ ಒಬ್ಬಳು ನಿಂತು ಪತ್ರಿಕೆಯ ಮುಖ್ಯ ವಾರ್ತೆ ಓದಬೇಕು. ವಾರ್ತೆ ಇಲ್ಲದೆ ತಿಂಡಿ ಇಲ್ಲ. ಸುತ್ತಮುತ್ತ ಬೇರೆ ಯಾವ ಹಾಸ್ಟೆಲಿನಲ್ಲೂ ಈ ಪದ್ಧತಿ ಇರಲಿಲ್ಲ ಎಂದು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ.

೧. ಅಡುಗೆಮನೆಯ ಭವಿಷ್ಯ

ಆಗ ದೆಹಲಿಯಲ್ಲಿ ಸರ್ಕಾರ ಬೀಳುತ್ತಿತ್ತು, ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಹೊರದೇಶಗಳಲ್ಲಿ ಶಾಂತಿ ಮಾತುಕತೆಗಳದ್ದೂ ಅದೇ ಪಾಡು. ಕೇಳಿ ಕೇಳಿ ಹುಡುಗಿಯರು ಆಕಳಿಸುತ್ತಿದ್ದರು. ನನಗೂ ಆಕಳಿಕೆ ಬರುತ್ತಿತ್ತು, ಆದರೆ ಬಾಯಿ ಮುಚ್ಚಿಕೊಂಡು ಆಕಳಿಸುವುದನ್ನು ಸಿಸ್ಟರ್‌ಗಳು ನನಗೆ ಕಲಿಸಿದ್ದರು.

ಒಂದು ದಿನ ಗಂಡಸಿ ಊರಿನ ಹುಡುಗಿ "ಮುಖ್ಯ ವಾರ್ತೆಗಳು" ಅಂದದ್ದೇ ತಡ, ಒಳಗಿನಿಂದ ಅಡುಗೆಯಮ್ಮ ಕೂಗಿದಳು.

"ಬೆಂಬಲ ವಾಪಸ್ ತಗಂಡ್ರಾ?"

ಹುಡುಗಿ ಪತ್ರಿಕೆ ನೋಡಿದಳು. "ಹೂಂ."

"ಮಾತುಕತೆ ಮುರಿದ್ ಬಿತ್ತಾ?"

"ಬಿತ್ತು."

"ಸರಿ ಕಣವ್ವ, ಕೂತ್ಕ. ಉಪ್ಪಿಟ್ಟು ಆರ್ತೈತೆ."

ಗದರಿಸಲು ಒಳಗೆ ಹೋದೆ. "ನಿನಗೆ ಓದೋಕೇ ಬರಲ್ಲ. ಇದೆಲ್ಲ ಹೇಗೆ ಗೊತ್ತಾಯ್ತು?"

"ಓದಕ್ ಬರೋರ್ಗೇ ಅಮ್ಮಾವ್ರೇ, ದಿನಾ ಹೊಸ್ದು ಅನ್ಸೋದು."

೨. ಸೀನು

ಪತ್ರಿಕೆ ಬರುತ್ತಿದ್ದದ್ದು ರೈಲಿನಲ್ಲಿ. ಒಂದು ಬೆಳಿಗ್ಗೆ ರೈಲೇ ತಡ. ಆದರೂ ಅರೇಹಳ್ಳಿಯ ಹುಡುಗಿ ಎಲ್ಲಿಂದಲೋ ಪತ್ರಿಕೆ ಹಿಡಿದು ಬಂದು ನಿಂತಳು. ಸರ್ಕಾರ ಅಲುಗಾಡುತ್ತಿದೆ, ಮಾತುಕತೆಗೆ ಮತ್ತೆ ದಿನ ನಿಗದಿಯಾಗಿದೆ ಎಂದು ಓದಿದಳು. ನಡುವೆ ಮೂರು ಸಲ ಸೀನಿದಳು. ನಾನು ಕರ್ಚೀಫು ಇಟ್ಟುಕೊಳ್ಳಲು ಹೇಳಿ, ಉಚ್ಚಾರಣೆಗೆ ಭೇಷ್ ಅಂದೆ.

ಆಗ ಅಡುಗೆಯಮ್ಮ ಬಂದಳು. "ಓದಾಗಿದ್ರೆ ಆ ಪೇಪರ್ ಕೊಡಿ ಅಮ್ಮಾವ್ರೇ, ಮೆಣಸಿನಕಾಯಿ ಒಣಗಾಕ್ಬೇಕು. ಹೋದೊರ್ಷದಿಂದ ಅದ್ರಲ್ಲೇ ಒಣಗಿಸ್ತಿರೋದು."

೩. ನಂಬಲರ್ಹ ಮೂಲ

ಅಂದೇ ನಿಯಮ ಬದಲಿಸಿದೆ. ಇನ್ನು ಮೇಲೆ ದೆಹಲಿ ಬೇಡ, ನಮ್ಮ ನಮ್ಮ ಊರಿನ, ನಮ್ಮ ಹಾಸ್ಟೆಲಿನ ವಾರ್ತೆಯನ್ನೇ ಬರೆದು ಓದಬೇಕು. ಕೇಳಿದ್ದಲ್ಲ, ಕಣ್ಣಾರೆ ಕಂಡದ್ದು. ಯಾರ ಮುಖ ನೋಡಿಯೂ ಬದಲಿಸಬಾರದು.

ಹುಡುಗಿಯರ ಆಕಳಿಕೆ ನಿಂತಿತು. "ಬಸದಿ ನೋಡಲು ಬಂದ ಇಬ್ಬರು ವಿದೇಶಿಯರನ್ನು ನಮ್ಮ ಎಮ್ಮೆ ಬಾಗಿಲಿಗೆ ಅಡ್ಡ ನಿಂತು ಅರ್ಧ ಗಂಟೆ ಒಳಗೇ ಕೂರಿಸಿತು" ಎಂದು ಬಸ್ತಿಹಳ್ಳಿಯ ಹುಡುಗಿ ಓದಿದಾಗ, ಅಡುಗೆಯಮ್ಮ ಸೌಟು ಹಿಡಿದು ಬಾಗಿಲಿಗೇ ಬಂದು ಕೇಳಿದಳು. ನನ್ನ ಹೆಮ್ಮೆ ಹೇಳತೀರದು.

ಅಷ್ಟರಲ್ಲಿ ತಪಾಸಣೆ ಬಂತು. ನಾನು ಬಂದ ಮೇಲೆ ಸಂದರ್ಶಕರ ಪುಸ್ತಕದಲ್ಲಿ ಒಂದು ಕೊಂಕು ಮಾತೂ ಬಿದ್ದಿರಲಿಲ್ಲ. ಈ ಸಲವೂ ಬೀಳಬಾರದೆಂದು ಗೋಡೆಗೆ ಸುಣ್ಣ ಹೊಡೆಸಿದೆ, ಕಿಟಕಿ ಒರೆಸಿದೆ, ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಬೆಳಿಗ್ಗೆ ಅಧಿಕಾರಿಗಳನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ನನ್ನ ಪದ್ಧತಿಯನ್ನು ವಿವರಿಸಿ, ಬಸ್ತಿಹಳ್ಳಿಯ ಹುಡುಗಿಗೆ ಕಣ್ಸನ್ನೆ ಮಾಡಿದೆ.

ಅವಳು ನೆಟ್ಟಗೆ ನಿಂತು, ಗಂಟೆ ಹೊಡೆದ ಹಾಗೆ ಓದಿದಳು.

"ಹಾಸ್ಟೆಲ್ ವಾರ್ತೆ. ನಿನ್ನೆ ಸಂಜೆ ನಮ್ಮ ವಾರ್ಡನ್ ಮೇಡಂ ಟ್ರಂಕಿನ ಬೀಗ ತೆಗೆದು ಹೊಸ ಹೊದಿಕೆಗಳನ್ನು ನಮ್ಮ ಮಂಚಗಳ ಮೇಲೆ ಹಾಸಿಸಿದರು. ಅಧಿಕಾರಿಗಳು ಹೋದ ಕೂಡಲೇ ಅವು ಟ್ರಂಕಿಗೆ ಮರಳಲಿವೆ ಎಂದು ನಂಬಲರ್ಹ ಮೂಲಗಳು ತಿಳಿಸಿವೆ."

ನಾನು ಅವಳಿಗೆ ಕೂರುವಂತೆ ಸನ್ನೆ ಮಾಡಿದೆ.

ಅಧಿಕಾರಿಗಳು ಕನ್ನಡಕ ತೆಗೆದರು. "ಮೂಲ ಯಾರಮ್ಮ?"

"ಮೂಲ ಹೇಳೋ ಹಾಗಿಲ್ಲ ಸಾರ್," ಅಂದವಳು ಅಡುಗೆಮನೆ ಕಡೆ ನೋಡಿದಳು. ಅಲ್ಲಿ ಒಂದು ಪಾತ್ರೆ ಢಣಾರನೆ ಬಿತ್ತು.

ಅಧಿಕಾರಿಗಳು ನಗಲಿಲ್ಲ. ಸಂದರ್ಶಕರ ಪುಸ್ತಕ ತರಿಸಿ, ನಿಧಾನವಾಗಿ ಬರೆದು ಹೊರಟರು. ನಾನು ಪುಸ್ತಕ ತೆರೆದೆ.

"ಇಲ್ಲಿನ ವಾರ್ತೆ ನಿಖರ, ಉಚ್ಚಾರಣೆ ಶುದ್ಧ. ವಾರ್ಡನ್‌ರವರಿಗೆ ಅಭಿನಂದನೆ. ಹೊದಿಕೆಗಳ ಬಗ್ಗೆ ಇದೇ ಹುಡುಗಿ ತಿಂಗಳಿಗೊಮ್ಮೆ ನನಗೆ ವರದಿ ಕಳಿಸತಕ್ಕದ್ದು."