ರುಮಾಲಿನಲ್ಲಿ ಕಟ್ಟಿದ ಎಂ.ಬಿ.ಎ.

ಎಂ.ಬಿ.ಎ. ಪಠ್ಯಪುಸ್ತಕವನ್ನು ಬೆನ್ನಿನಿಂದ ಹರಿದು, ಅಧ್ಯಾಯಕ್ಕೊಂದರಂತೆ ಕೆಂಪು ಬಟ್ಟೆಯಲ್ಲಿ ಸುತ್ತಿ, ಗಂಟು ಬಿಗಿದು, ಗೋಡೆಯ ಮಾಡದಲ್ಲಿ ಜೋಡಿಸಿಟ್ಟು ಓದಿದ ವಿದ್ಯಾರ್ಥಿ ಈ ಭೂಮಂಡಲದಲ್ಲಿ ಒಬ್ಬಳೇ. ಆಕೆ ನನ್ನ ಸೋದರತ್ತೆ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆಯೋ ಹತಾಶೆಯಿಂದಲೋ ಎಂದು ಕೇಳಬೇಡಿ. ಆಕೆಯ ವಿಷಯದಲ್ಲಿ ಈ ಎರಡೂ ನನಗೆ ಒಟ್ಟಿಗೇ ಬರುತ್ತವೆ, ಹತಾಶೆ ಎರಡು ಹೆಜ್ಜೆ ಮುಂದಾಗಿ!

ಮೊದಲು ಆ ಬಟ್ಟೆಯ ಕಾರಣ ಹೇಳಿಬಿಡುತ್ತೇನೆ. ನಮ್ಮ ಭಾಗದ ಹಳೆಯ ಕಚೇರಿಗಳಲ್ಲಿ ಕಡತಗಳನ್ನು ಚೌಕ ಬಟ್ಟೆಯಲ್ಲಿ ಕಟ್ಟಿಡುವುದು ರೂಢಿ. ಆ ಗಂಟಿಗೆ ರುಮಾಲು ಎಂದು ಹೆಸರು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಕಾಗದಪತ್ರ ಕಾಯುವ ಒಂದು ಕಚೇರಿಯಲ್ಲಿ, ನಮ್ಮ ಊರಿನ ದಾಖಲೆ ಕೋಣೆಯಲ್ಲಿ, ಅತ್ತೆ ಇಪ್ಪತ್ತಾರು ವರ್ಷ ದುಡಿದಳು. ನಮ್ಮ ಊರೂ ಆ ನೀರಿನ ಕೆಳಗೇ ಇದೆ. ನಾವೀಗ ತಂಗಡಗಿಯ ಹತ್ತಿರ ಇದ್ದೇವೆ. ಯಾರ ಮನೆ ಎಲ್ಲಿತ್ತು, ಎಷ್ಟು ಅಂಕಣದ್ದಿತ್ತು, ಹೊಲ ಯಾರ ಹೆಸರಿನಲ್ಲಿತ್ತು ಎಂಬುದೆಲ್ಲ ಆ ರುಮಾಲುಗಳಲ್ಲಿದೆ. ಮುಳುಗಡೆಯವರ ಮಕ್ಕಳು ನೌಕರಿಯ ಮೀಸಲಾತಿ ಕೇಳಬೇಕಾದರೂ, ಇರುವ ಮನೆಗೆ ಹಕ್ಕುಪತ್ರ ಪಡೆಯಬೇಕಾದರೂ ಆ ಕಾಗದ ಸಿಗಲೇಬೇಕು. ಬಂದವರು ಮುತ್ತಜ್ಜನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಗಂಟು ಬಿಚ್ಚಿರುತ್ತಿದ್ದಳು.

ಇಂಥವಳು ಇಪ್ಪತ್ತಾರು ವರ್ಷವೂ ಹಂಗಾಮಿ ನೌಕರಳು! ವರ್ಷಕ್ಕೊಮ್ಮೆ ಒಂದು ದಿನ ಕೆಲಸ ಬಿಡಿಸುವುದು, ಮರುದಿನ ಹೊಸಬಳೆಂದು ಮತ್ತೆ ಸೇರಿಸಿಕೊಳ್ಳುವುದು. ಹಾಗಾಗಿ ಕಾಗದದ ಮೇಲೆ ಆಕೆಗೆ ಎಂದೂ ಒಂದು ವರ್ಷದ ಸೇವೆ ತುಂಬಲಿಲ್ಲ. ಇದಕ್ಕೆ ಶೋಷಣೆ ಎಂಬುದೇ ಸರಿಯಾದ ಹೆಸರು ಎಂದು ನಾನು ಮನವಿ ಪತ್ರಗಳಲ್ಲಿ ಬರೆದೆ. ಅತ್ತೆ ಮಾತ್ರ ಅದನ್ನು "ನನ್ನ ಹುಟ್ಟಿದ ಹಬ್ಬ" ಎಂದು ಕರೆದು ಆ ದಿನ ಶೇಂಗಾ ಹೋಳಿಗೆ ಮಾಡುತ್ತಿದ್ದಳು.

ಕೊನೆಗೆ ಒಂದು ಆದೇಶ ಬಂತು. ದಾಖಲೆಗಳೆಲ್ಲ ಕಂಪ್ಯೂಟರಿಗೆ ಏರಬೇಕು. ಕೋಣೆಯ ಉಸ್ತುವಾರಿ ಹೊರುವವರು ಮಾಹಿತಿ ನಿರ್ವಹಣೆಯಲ್ಲಿ ಎಂ.ಬಿ.ಎ. ಮಾಡಿರಬೇಕು, ಎರಡು ವರ್ಷದೊಳಗೆ ಪದವಿ ತೋರಿಸದಿದ್ದರೆ ಕೆಲಸದಿಂದ ಬಿಡುಗಡೆ. ನಾನು ಧರಣಿಗೆ ಶಾಮಿಯಾನ ಹುಡುಕತೊಡಗಿದೆ.

"ಅತ್ತಿ, ಇದು ಅನ್ಯಾಯ ಐತಿ!"

"ಐತಿ. ಅದರ ಕಾಗದಾನೂ ನನ್ನ ಕಡೇನ ಐತಿ, ಕೆಳಗಿನ ಕಪಾಟ, ಎಡಗಡೆ. ನೀ ಧರಣಿ ಕೂಡ್ರು, ನಾ ಪರೀಕ್ಷಾಕ್ಕ ಕೂಡ್ರತೇನಿ. ಯಾರದು ಮೊದಲ ಆಗತೈತಿ ನೋಡೂಣು."

ಅಂಚೆಯ ಮೂಲಕ ಪಡೆದ ಬಿ.ಎ. ಪದವಿ ಆಕೆಯಲ್ಲಿತ್ತು. ದೂರಶಿಕ್ಷಣದ ಒಂದು ಸಂಸ್ಥೆ ಆಕೆಯನ್ನು ಸೇರಿಸಿಕೊಂಡಿತು. ಅರ್ಜಿ ಮುದ್ದೇಬಿಹಾಳದಲ್ಲಿ, ಭಾನುವಾರದ ತರಗತಿ ಬಸವನ ಬಾಗೇವಾಡಿಯಲ್ಲಿ, ಪರೀಕ್ಷೆ ಸಿಂದಗಿಯಲ್ಲಿ, ಮೌಖಿಕ ಪರೀಕ್ಷೆ ಇಂಡಿಯಲ್ಲಿ! ಮಾಹಿತಿಯನ್ನು ಒಂದೆಡೆ ಸೇರಿಸುವುದು ಹೇಗೆಂದು ಕಲಿಸುವವರು ಕಲಿಯುವವಳನ್ನು ಜಿಲ್ಲೆಯ ತುಂಬ ಹರಡಿದ್ದರು. ಪಠ್ಯವೆಲ್ಲ ಇಂಗ್ಲಿಷಿನಲ್ಲಿ. "ಉತ್ತರ ಕನ್ನಡದಲ್ಲಿ ಬರೆಯಬಹುದು" ಎಂಬ ಅನುಮತಿಯೂ ಇಂಗ್ಲಿಷಿನಲ್ಲೇ ಇತ್ತು. ದುಡಿಯುವವರ ಭಾಷೆಗೆ ಜ್ಞಾನದ ಬಾಗಿಲು ಮುಚ್ಚುವುದು ಎಂಥ ಹಿಂಸೆ ಎಂದು ನಾನು ಕುದಿಯುತ್ತಿದ್ದೆ. ಅತ್ತೆ ಶಾಂತವಾಗಿ ಪುಸ್ತಕ ಹರಿದಳು. ಇಡೀ ಪುಸ್ತಕ ಕಂಡರೆ ಹೆದರಿಕೆಯಂತೆ, ರುಮಾಲು ಕಂಡರೆ ಇಲ್ಲವಂತೆ!

ಬಾಗೇವಾಡಿಯ ತರಗತಿ ಹೊಲಿಗೆ ತರಬೇತಿಯ ಸಭಾಂಗಣದಲ್ಲಿ ನಡೆಯುತ್ತಿತ್ತು. ಆ ಕಡೆ ಯಂತ್ರಗಳ ಗಡಗಡ, ಈ ಕಡೆ ಪರದೆ ನೋಡಿ ಓದುವ ಉಪನ್ಯಾಸಕರು. ಸಹಪಾಠಿಗಳೆಲ್ಲ ಇಪ್ಪತ್ತೈದರೊಳಗಿನವರು, ಮೊದಲ ದಿನ ಅತ್ತೆಯನ್ನು ಮೇಡಂ ಎಂದು ತಿಳಿದು ಎದ್ದು ನಿಂತರಂತೆ. ಅತ್ತೆ ಅವರ ನಡುವೆ ಹೋಗಿ ಕುಳಿತಾಗ ಒಬ್ಬ ಕೇಳಿದ:

"ಏನ್ರಿ ಅಕ್ಕಾರ, ಮಗನ ಬದಲಿ ಬಂದೀರೇನ್ರಿ?"

"ಇಲ್ಲೋ ತಮ್ಮಾ, ನನ್ನ ಬದಲಿ ಬರಾಕ ಯಾರೂ ಸಿಗಲಿಲ್ಲ, ನಾನ ಬಂದೇನಿ."

ಆ ದಿನ ಪಕ್ಕದಲ್ಲಿ ಕುಳಿತ ಸಿಂದಗಿಯ ಹುಡುಗಿಯೊಬ್ಬಳು ಆಕೆಗೆ ಇಂಗ್ಲಿಷ್ ಬಿಡಿಸಿ ಹೇಳತೊಡಗಿದಳು. ಪ್ರತಿಯಾಗಿ ಅತ್ತೆ ವಾರವಾರವೂ ಅವಳಿಗೆ ಬುತ್ತಿ ಒಯ್ದಳು. ಒಮ್ಮೆ ಉಪನ್ಯಾಸಕರು, ಡಾಟಾಕ್ಕೂ ಮಾಹಿತಿಗೂ ಜ್ಞಾನಕ್ಕೂ ಏನು ವ್ಯತ್ಯಾಸ ಎಂದು ಕೇಳಿದರು. ಅತ್ತೆ ಎದ್ದು ನಿಂತಳು.

"ಸರ್, ಕೋಣಿ ತುಂಬ ಬಿದ್ದಿದ್ದು ಡಾಟಾ. ಕೇಳಿದವರ ಕೈಗೆ ಸಿಕ್ಕಿದ್ದು ಮಾಹಿತಿ. ಕೇಳಾಕ ಬಂದಾಕಿ ಬಸ್ಸಿಗೆ ರೊಕ್ಕ ಇಲ್ದ ನಡಕೊಂಡ ಬಂದಾಳ, ನಾಳಿ ಬಾ ಅನಬಾರದು ಅನ್ನೂದು ಜ್ಞಾನ."

ಹೊಲಿಗೆ ಯಂತ್ರಗಳು ಕೂಡ ನಿಂತವಂತೆ. ಉಪನ್ಯಾಸಕರು ಕನ್ನಡಕ ಸರಿಪಡಿಸಿಕೊಂಡು, "ಚೆನ್ನಾಗಿದೆ, ಆದರೆ ಪಠ್ಯಕ್ರಮದಲ್ಲಿ ಇಲ್ಲ" ಎಂದರಂತೆ!

ಪರೀಕ್ಷೆಯ ಪ್ರವೇಶಪತ್ರ ಬಂತು. ಹೆಸರು ಅತ್ತೆಯದು, ಭಾವಚಿತ್ರ ಹುರಿಮೀಸೆಯ ಒಬ್ಬ ಗಂಡಸಿನದು! ನಾನು ಮೂರು ಪುಟದ ಪ್ರತಿಭಟನಾ ಪತ್ರ ಕಳಿಸಿದೆ. ಅದಕ್ಕೆ "ಮಾನ್ಯ ಮಹೋದಯರೇ, ತಮ್ಮ ಮೀಸೆಯಿಲ್ಲದ ಭಾವಚಿತ್ರ ಕಳಿಸಿರಿ" ಎಂದು ಉತ್ತರ ಬಂತು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅತ್ತೆಗೆ ಆ ಅಪರಿಚಿತನದೇ ಚಿಂತೆ.

"ಪಾಪ, ಅವನ ಚೀಟಿ ಮ್ಯಾಲ ನನ್ನ ಮಾರಿ ಇದ್ದರ ಅವನ ಹೆಂಡತಿ ಏನ ತಿಳಕೋತಾಳ?"

ಸಿಂದಗಿಯ ಬಸ್ಸಿನಲ್ಲಿ ನಡೆದದ್ದು ಇನ್ನೂ ಘೋರ. ಮಾಹಿತಿ ವ್ಯವಸ್ಥೆಗಳ ಪತ್ರಿಕೆ ಆ ದಿನ. ಕೊನೆಯ ಅಧ್ಯಾಯಗಳ ರುಮಾಲನ್ನು ಪರೀಕ್ಷಾ ಕೇಂದ್ರದ ಮೆಟ್ಟಿಲ ಮೇಲೆ ಬಿಚ್ಚಿದರೆ ಒಳಗೆ ಏನಿತ್ತೆನ್ನುತ್ತೀರಿ? ನಾಲ್ಕು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಉಳ್ಳಾಗಡ್ಡಿ! ಪಕ್ಕದಲ್ಲಿ ಕುಳಿತು ಬಂದ ಹೆಂಗಸು ಹಾದಿಯಲ್ಲಿ ಇಳಿಯುವಾಗ ಅದೇ ಬಣ್ಣದ ತನ್ನ ಗಂಟು ಬಿಟ್ಟು, ಅತ್ತೆಯದನ್ನು ಒಯ್ದಿದ್ದಳು. ನಾನು ಅಳುವ ಸ್ಥಿತಿಗೆ ಬಂದಿದ್ದೆ. ಅತ್ತೆ ರೊಟ್ಟಿ ಮುರಿದಳು.

"ನಂದು ಬಿಡು. ಅಕಿ ಹೊಲದಾಗ ಹಸದ ಕುಂತ ಬುತ್ತಿ ಬಿಚ್ಚತಾಳ, ಒಳಗ ಡಿಸಿಷನ್ ಸಪೋರ್ಟ್ ಸಿಸ್ಟಮ್! ಅದನ್ನ ಯಾವುದರ ಕೂಡ ಹಚ್ಚಿಕೊಂಡ ತಿನ್ನಬೇಕ?"

ಆ ಪತ್ರಿಕೆಯಲ್ಲಿಯೇ ಆಕೆಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂದವು. ಇದರಿಂದ ಆ ಪದವಿಯ ಬಗ್ಗೆ ಏನು ತೀರ್ಮಾನಿಸಬೇಕು ಎಂಬುದನ್ನು ಓದುಗರಿಗೇ ಬಿಡುತ್ತೇನೆ.

ಹೀಗೆ ಎಲ್ಲ ಪತ್ರಿಕೆಗಳೂ ಮುಗಿದವು. ಉಳಿದದ್ದು ಯೋಜನಾ ವರದಿ, ಅದರ ಮೌಖಿಕ ಪರೀಕ್ಷೆ ಮತ್ತು ಬಿಡುಗಡೆಯ ದಿನಕ್ಕೆ ಹದಿನೈದು ದಿವಸ. ಅತ್ತೆ ತನ್ನ ದಾಖಲೆ ಕೋಣೆಯ ಬಗ್ಗೆಯೇ ವರದಿ ಬರೆದಿದ್ದಳು. ಅದನ್ನು ರುಮಾಲಿನಲ್ಲಿ ಕಟ್ಟಿಕೊಂಡೇ ಇಂಡಿಗೆ ಬಂದಳು. ಸಂದರ್ಶನದ ಕೋಣೆಯ ಬಾಗಿಲಿಗೆ ಚಿಲಕವಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತ ನನಗೆ ಎಲ್ಲವೂ ಕೇಳುತ್ತಿತ್ತು.

"ನಿಮ್ಮ ವರ್ಗೀಕರಣದ ಆಧಾರ ಏನು?" ಒಬ್ಬ ಪರೀಕ್ಷಕರು ಕೇಳಿದರು. "ಅಕ್ಷರಾನುಕ್ರಮವೇ? ಸರ್ವೆ ಸಂಖ್ಯೆಯೇ?"

"ಓಣಿ ರೀ, ಸರ್."

"ಏನು?"

"ಕೋಣಿ ಬಾಗಿಲ ಅಂದ್ರ ಊರ ಅಗಸಿ ರೀ, ಊರೊಳಗ ಬರೂ ದೊಡ್ಡ ಬಾಗಿಲ. ಒಳಗ ಒಂದೊಂದ ಕಪಾಟ ಒಂದೊಂದ ಓಣಿ. ಮನಿ ಹೆಂಗ ಸಾಲಾಗಿದ್ವೋ ರುಮಾಲೂ ಹಂಗ ಅದಾವು. ಬಂದವರಿಗೆ ಸರ್ವೆ ನಂಬರ ಗೊತ್ತಿರೂದಿಲ್ರಿ. 'ಬಾವಿ ದಾಟಿ ಮೂರನೇ ಮನಿ' ಅಂತಾರ. ನಾನೂ ಬಾವಿ ದಾಟಿ ಮೂರನೇ ರುಮಾಲ ತಗೀತೇನಿ."

ನಾನು ಎಷ್ಟೋ ಸಲ ಆ ಕೋಣೆಗೆ ಹೋಗಿದ್ದೆ; ಅಲ್ಲಿ ನಮ್ಮ ಊರು ನಿಂತಿದೆಯೆಂದು ನನಗೆ ತಿಳಿದಿರಲಿಲ್ಲ! ಎರಡನೆಯ ಪರೀಕ್ಷಕರು ವರದಿಯ ಹಾಳೆ ತಿರುವಿ, ಹಳೆಯ ಗ್ರಾಮ ನಕಾಶೆಯ ಮೇಲೆ ಬೆರಳಿಟ್ಟಂತಿತ್ತು.

"ಹಾಗಾದರೆ ಇಲ್ಲಿ ತಪ್ಪಾಗಿದೆಯಲ್ಲ? ನಕಾಶೆಯಲ್ಲಿ ಈ ಕೇರಿ ಅಗಸಿಯ ಹೊರಗಿದೆ. ನಿಮ್ಮ ಓಣಿಗಳ ಪಟ್ಟಿಯಲ್ಲಿ ಒಳಗೆ, ಗೌಡರ ಓಣಿಯ ಪಕ್ಕದಲ್ಲಿದೆ. ಇದು ದೋಷ."

"ದೋಷ ಅಲ್ರಿ ಸರ್. ದುರಸ್ತಿ."

ಆ ಕೇರಿ ನಮ್ಮದು. ಅಜ್ಜನ ಕಾಲದಲ್ಲಿಯೇ ನಮ್ಮ ಮನೆಯವರು ಬುದ್ಧನ ದಾರಿ ಹಿಡಿದಿದ್ದರು. ಆದರೆ ಜಾತಿ ನಮ್ಮನ್ನು ಹುಡುಕಿಕೊಂಡು ಕಾಗದದವರೆಗೂ ಬಂದಿತ್ತು. ಅತ್ತೆ ಕೆಲಸಕ್ಕೆ ಸೇರಿದಾಗ ಎಲ್ಲರ ರುಮಾಲುಗಳು ಕೋಣೆಯ ಒಳಗೆ, ನಮ್ಮ ಕೇರಿಯವು ಮಾತ್ರ ಹೊರಗಿನ ಪಡಸಾಲೆಯಲ್ಲಿ, ಮಳೆಯ ಎರಚಲಿಗೆ ಒಡ್ಡಿಕೊಂಡು ಬಿದ್ದಿದ್ದವಂತೆ. ಇಟ್ಟವರಿಗೆ ಅದು ತಪ್ಪೆಂದೂ ಅನ್ನಿಸಿರಲಿಲ್ಲ. ಊರಿನಲ್ಲಿ ನಮ್ಮ ಮನೆಗಳು ಎಲ್ಲಿದ್ದವೋ ಕಾಗದವನ್ನೂ ಅಲ್ಲಿಯೇ, ಹೊರಗೇ, ಇಟ್ಟಿದ್ದರು. ಅತ್ತೆ ಮೊದಲ ವಾರದಲ್ಲಿಯೇ, ಯಾರನ್ನೂ ಕೇಳದೆ, ಒಂದೊಂದನ್ನಾಗಿ ಒಣಗಿಸಿ ಒಳಗೆ ತಂದಳು. ಪರೀಕ್ಷಕರಿಗೆ ಇಷ್ಟನ್ನೇ ಹೇಳಿ ಕೈಕಟ್ಟಿ ಕುಳಿತಳು.

ಒಳಗೆ ವರದಿ ಮುಚ್ಚಿದ ಸದ್ದಾಯಿತು. ಆಮೇಲೆ ಮೊದಲಿನವರ ದನಿ, ಮೆತ್ತಗೆ: "ಕಥೆ ಬೇರೆ, ವೈಜ್ಞಾನಿಕ ವಿಧಾನ ಬೇರೆ ತಾಯಿ. ತಿದ್ದಿ ಮುಂದಿನ ಸಲ ಸಲ್ಲಿಸಿ."

ಮುಂದಿನ ಸಲ ಎಂದರೆ ಆರು ತಿಂಗಳು. ಹೊರಗೆ ಬಂದ ಅತ್ತೆ, "ನಪಾಸಾದ್ನಿ. ಚಾ ಕುಡಿಯೂಣು ನಡಿ" ಎಂದಳು. ನಾನು ಬಸ್ಸಿನುದ್ದಕ್ಕೂ ಮನವಿಯ ಒಕ್ಕಣೆ ಯೋಚಿಸಿದೆ. ಒಕ್ಕಣೆ ಸಿಗಲಿಲ್ಲ. ಇಷ್ಟು ಅನ್ಯಾಯಗಳಲ್ಲಿ ಯಾವುದನ್ನು ಮೊದಲು ಬರೆಯುವುದು, ಯಾರಿಗೆ ಬರೆಯುವುದು? ಬರೆದ ಮನವಿಯಾದರೂ ಯಾವ ಪಡಸಾಲೆಗೆ ಹೋಗಿ ಬೀಳುತ್ತದೆ?

ಬಿಡುಗಡೆಯ ಪತ್ರ ಹೇಳಿದ ದಿನಕ್ಕೇ ಬಂತು. ಸರ್ಕಾರದ ಎಲ್ಲ ಕಾಗದಗಳಲ್ಲಿ ಅದೊಂದೇ ತಡವಾಗಲಿಲ್ಲ! ಕೋಣೆಯ ಉಸ್ತುವಾರಿ ಸಿಕ್ಕದ್ದು ಬೇರೆ ಯಾರಿಗೂ ಅಲ್ಲ, ಬುತ್ತಿ ತಿಂದ ಆ ಸಿಂದಗಿಯ ಹುಡುಗಿಗೆ. ಬ್ಯಾಂಕಿನ ಲೆಕ್ಕವಹಿಯ ಬಗ್ಗೆ ವರದಿ ಬರೆದು ಆಕೆ ಪಾಸಾಗಿದ್ದಳು. ಅತ್ತೆಯ ಕೊನೆಯ ದಿನ ಕೀಲಿ ಪಡೆಯಲು ಬಂದವಳು ಕಪಾಟುಗಳ ಸಾಲು ಕಂಡು ಬಾಗಿಲಲ್ಲೇ ಅಳತೊಡಗಿದಳು.

"ಯಾವ ರುಮಾಲ ಯಾರದು ಅಂತ ಎಲ್ಲೂ ಬರದಿಲ್ರಿ ಅಕ್ಕಾರ. ನಾ ಹೆಂಗ ಹುಡುಕ್ಲಿ? ನಿಮ್ಮ ಜಾಗಾ ನಂಗ ಬ್ಯಾಡಾಗಿತ್ರಿ."

ನಾನು ಅತ್ತೆಯನ್ನು ಪಕ್ಕಕ್ಕೆ ಕರೆದೆ. "ಒಂದ ಮಾತೂ ಹೇಳಬ್ಯಾಡ ಅತ್ತಿ. ಇದು ನಿನ್ನ ಹೋರಾಟ. ಒಂದ ವಾರ ಕಾಗದ ಸಿಗಲಿಲ್ಲಂದ್ರ ಸಾಹೇಬ್ರು ನಿನ್ನ ಮನೀಗೆ ಬಂದ ಕಾಲ ಬೀಳ್ತಾರ."

ನನ್ನ ಮಾತಿನಲ್ಲಿ ತಪ್ಪಿತ್ತೆಂದು ಇಂದಿಗೂ ನನಗೆ ಅನ್ನಿಸುವುದಿಲ್ಲ. ಇಪ್ಪತ್ತಾರು ವರ್ಷ ಪುಕ್ಕಟೆಯಾಗಿ ಪಡೆದ ಜ್ಞಾನಕ್ಕೆ ಅವರು ಒಂದು ಸಲವಾದರೂ ಬೆಲೆ ತೆರಬೇಡವೇ? ಅತ್ತೆ ನನ್ನ ಕೆನ್ನೆ ಸವರಿದಳು.

"ಸಾಹೇಬ್ರು ಬೀಳೂದಕ್ಕಿಂತ ಮೊದಲ ಕಾಗದ ಕೇಳಾಕ ಬಂದವರು ಬೀಳ್ತಾರ, ಯವ್ವಾ. ಅವರು ನಮ್ಮವರು."

ಆಮೇಲೆ ಬಾಗಿಲಿಗೆ ಹೋಗಿ ಹುಡುಗಿಯ ಕಣ್ಣು ತನ್ನ ಸೆರಗಿನಿಂದ ಒರೆಸಿದಳು. ಗುರುವಿನ ಜಾಗವೆಂಬ ಭಾವನೆಯಿಂದಲೋ ಏನೋ, ಆ ಹುಡುಗಿ ಬಗ್ಗಿ ಚಪ್ಪಲಿ ಬಿಡಲು ಹೋದಳು. ಅತ್ತೆ ತಟ್ಟನೆ ಅವಳ ಕೈ ಹಿಡಿದಳು.

"ಬಿಡಬ್ಯಾಡ. ಇದ ಅಗಸಿ. ಇಲ್ಲಿಂದ ಗೌಡರ ಓಣಿ ದಾಟೂತನಕ ನಮ್ಮವ್ವ ಚಪ್ಪಲ್ ಕೈಯಾಗ ಹಿಡಕೊಂಡ ನಡೀತಿದ್ಲು. ನೀ ಹಾಕ್ಕೊಂಡ ಬಾ, ತಂಗಿ."

ಹುಡುಗಿ ಚಪ್ಪಲಿ ಮೆಟ್ಟಿದಳು. ಅತ್ತೆ ಆಕೆಯ ಕೈ ಬಿಡದೆ, ನೀರಿನಡಿಯ ಊರಿನೊಳಗೆ, ಮೊದಲ ಮನೆಯಿಂದ ತೋರಿಸುತ್ತ ನಡೆದಳು.